ವೆಂಕಟಸುಬ್ಬಯ್ಯನ ಕಾರು ಓಡಿದ ದಿನ

ಗೋರೆಗಾಂವಿನ ಆ ಹೌಸಿಂಗ್ ಸೊಸೈಟಿಯ ಗೋಡೆಗೆ ಒಂದು ನೋಟಿಸು ಅಂಟಿಸದೆ ಹೋಗಿದ್ದರೆ ವೆಂಕಟಸುಬ್ಬಯ್ಯ ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಕುಡಿದು ಮತ್ತೆ ಮಲಗುತ್ತಿದ್ದ. ನೋಟಿಸು ಹೇಳಿದ್ದಿಷ್ಟು: ಕೆಟ್ಟು ನಿಂತ ಗಾಡಿಗಳಿಗೆ ಇನ್ನು ಪಾರ್ಕಿಂಗ್ ಜಾಗವಿಲ್ಲ. ಇವತ್ತು ಸಂಜೆ ಆರಕ್ಕೆ ಸೆಕ್ರೆಟರಿ ವಿನೋದಿನಿಬಾಯಿ ಖುದ್ದಾಗಿ ಬರುತ್ತಾರೆ. ಪ್ರತಿ ಗಾಡಿಯೂ ತನ್ನ ಜಾಗದಲ್ಲಿ ಸ್ಟಾರ್ಟ್ ಆಗಿ ತೋರಿಸಬೇಕು. ಇಲ್ಲವಾದರೆ ಜಾಗ ಸರದಿಯಲ್ಲಿ ಕಾದಿರುವ ಮುಂದಿನವರಿಗೆ.

ಮುಂಬಯಿಯಲ್ಲಿ ಕಾರು ಕೊಳ್ಳುವುದು ದೊಡ್ಡ ಮಾತಲ್ಲ, ಸಾಲ ಕೊಡುವವರು ಬಾಗಿಲಿಗೇ ಬರುತ್ತಾರೆ. ನಿಲ್ಲಿಸಲು ಜಾಗ ಸಿಗಬೇಕಾದರೆ ಮಾತ್ರ ಪೂರ್ವಜನ್ಮದ ಪುಣ್ಯ ಬೇಕು. ಒಮ್ಮೆ ಕೈಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಸಿಗುವುದಿಲ್ಲ. ಆಫೀಸಿಗೆ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಹೋಗುವ ವೆಂಕಟಸುಬ್ಬಯ್ಯನಿಗೆ ಕಾರಿನ ಅಗತ್ಯವೇನೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ನಿಂತದ್ದು ನಿಂತೇ ಇತ್ತು. ಹೆಂಡತಿ ಸುಮಿತ್ರಾ ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಆದರೆ ಬೆಳಿಗ್ಗೆ ಹಪ್ಪಳಕ್ಕೆ ಬಿಸಿಲು, ಮಧ್ಯಾಹ್ನ ಗಾಡಿಗೆ ನೆರಳು ಬೀಳುವ ಆ ಜಾಗವೇ ಕೈತಪ್ಪಿದರೆ! ಅವನು ಕೆಳಗೋಡಿ ಕೀ ತಿರುಗಿಸಿದ, ಕಾರು ಮಿಸುಕಲಿಲ್ಲ.

ಮೇಲಿನ ಮಹಡಿಯ ಪ್ರೀತಮ್ ಶೆಟ್ಟಿ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟುಕೊಂಡ ಉಡುಪಿ ಕಡೆಯವನು. ರಸ್ತೆಬದಿಯ ಮರದ ಕೆಳಗೆ ನಿಲ್ಲಿಸಿದ್ದ ತನ್ನ ಹೊಸ ಕಾರನ್ನು, ಕಾಗೆಗಳ ವಂಶವನ್ನೆಲ್ಲ ಬೈಯುತ್ತಾ ಒರೆಸುತ್ತಿದ್ದವನು, ಬಟ್ಟೆ ಹಿಡಿದುಕೊಂಡೇ ಓಡಿ ಬಂದ.

"ಎಂತ ಮಾರಾಯ್ರೆ, ತಲೆಬಿಸಿ ಮಾಡ್ಬೇಡಿ. ಈ ಗೇಟಿನ ಹತ್ರ ಇರುವ ಮೆಕ್ಯಾನಿಕ್ ಮಹಾ ಕಳ್ಳ. ಬ್ರೇಕಿಗೆ ಅಂತ ಹೋದ್ರೆ ಎಂಜಿನ್ ಬಿಚ್ಚುತ್ತಾನೆ. ನೀವು ಕಾಂದಿವಲಿಗೆ ಹೋಗಿ. ಅಲ್ಲಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಗುರ್ತದವ ಒಬ್ಬ ಇದ್ದಾನೆ."

"ಸ್ಟಾರ್ಟೇ ಆಗ್ತಿಲ್ಲ, ಹೋಗೋದು ಹೇಗ್ರೀ?"

"ತಳ್ಳುವ! ನಾವೆಲ್ಲ ಇರುವುದು ಎಂತಕ್ಕೆ?"

"ರೀ, ಈಗ ತಾನೆ ಹಪ್ಪಳ ಹಾಕಿದೀನಿ!" ಎಂದು ಸುಮಿತ್ರಾ ಮೇಲಿನಿಂದ ಕೂಗುವಷ್ಟರಲ್ಲಿ ಬಿಲ್ಡಿಂಗಿನವರೆಲ್ಲ ಕೈಹಚ್ಚಿದ್ದರು. ಪ್ರೀತಮ್ ಅಂತೂ ಸ್ವಂತ ಗಾಡಿಯೇನೋ ಎಂಬಂತೆ ಬೆವರು ಸುರಿಸಿ ತಳ್ಳಿದ. ಕಾರು ದಮ್ಮು ಹತ್ತಿದ ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಕೊನೆಗೊಮ್ಮೆ ಗುರುಗುಟ್ಟಿತು. ಹಸಿ ಹಪ್ಪಳಗಳು ದಾರಿಯುದ್ದಕ್ಕೂ ಉದುರಿದವು.

ಕಾಂದಿವಲಿಯ ಮೆಕ್ಯಾನಿಕ್ ಕಾರನ್ನು ದೂರದಿಂದಲೇ ನೋಡಿ ನಿಟ್ಟುಸಿರಿಟ್ಟ. "ಅಂಕಲ್, ಎಂಜಿನ್ ಖೋಲನಾ ಪಡೇಗಾ." ಎಂಜಿನ್ನೇ ಬಿಚ್ಚಬೇಕಂತೆ.

"ಕೈಯೇ ಹಚ್ಚದೆ ಹೇಗಪ್ಪಾ ಗೊತ್ತಾಯ್ತು?" ಎಂದು ವೆಂಕಟಸುಬ್ಬಯ್ಯ ತನ್ನ ಮೈಸೂರು ಹಿಂದಿಯಲ್ಲಿ ಕೇಳಿದ. ಅನುಭವ ಎಂದು ಉತ್ತರ ಬಂತು. ಪಕ್ಕದ ಶೆಡ್ಡಿನವನ ಅನುಭವದ ಪ್ರಕಾರ ಹೋಗಿದ್ದದ್ದು ಗೇರ್ ಬಾಕ್ಸು. ಅದರಾಚೆಯವನು, ಇದನ್ನು ರಿಪೇರಿ ಮಾಡಿಸುವುದು ಪಾಪದ ಕೆಲಸ, ಗುಜರಿಗೆ ತಾನೇ ತೆಗೆದುಕೊಳ್ಳುತ್ತೇನೆ ಎಂದು ಕರುಣೆಯಿಂದ ಹೇಳಿದ. ವೆಂಕಟಸುಬ್ಬಯ್ಯ ಪ್ರೀತಮ್‌ಗೆ ಫೋನ್ ಮಾಡಿದ.

"ಛೆ, ಅವನೂ ಕೆಟ್ಟುಹೋದನಾ? ಹಾಗಾದ್ರೆ ಸೀದಾ ಬೈಕುಲ್ಲಾಕ್ಕೆ ಹೋಗಿ. ಸಿದ್ದರಾಮಪ್ಪ ಅಂತ, ಬಿಜಾಪುರ ಕಡೆಯವ್ರು. ನಮ್ಮ ಕನ್ನಡದವ್ರು! ಮೋಸ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ."

"ಬೈಕುಲ್ಲಾನಾ? ಅದು ಊರಿನ ಆ ತುದಿ ಅಲ್ವೇನ್ರೀ!"

"ಪ್ರಾಮಾಣಿಕರು ಹತ್ತಿರದಲ್ಲಿ ಎಲ್ಲಿ ಸಿಗ್ತಾರೆ, ನೀವೇ ಹೇಳಿ."

ಅದೂ ನಿಜವೇ. ಅಲ್ಲದೆ ಕನ್ನಡದವರು ಎಂದ ಮೇಲೆ ಮುಗಿಯಿತು, ಮುಂಬಯಿ ಕನ್ನಡಿಗನ ಬುದ್ಧಿ ಅಲ್ಲಿಗೆ ರಜೆ ಹಾಕುತ್ತದೆ. ಶೆಡ್ಡಿನವರಿಂದ ಮತ್ತೆ ತಳ್ಳಿಸಿಕೊಂಡು ಅವನು ದಕ್ಷಿಣಕ್ಕೆ ಹೊರಟ.

ಸಿದ್ದರಾಮಪ್ಪ ನಿಜಕ್ಕೂ ಪ್ರಾಮಾಣಿಕ. ಆದರೆ ಪ್ರಾಮಾಣಿಕತೆ ಇಷ್ಟು ನಿಧಾನವಾದದ್ದೆಂದು ವೆಂಕಟಸುಬ್ಬಯ್ಯನಿಗೆ ಗೊತ್ತಿರಲಿಲ್ಲ. ಸುಳ್ಳರು ಬಾನೆಟ್ಟೂ ಎತ್ತದೆ ರೋಗ ಹೇಳಿದ್ದರು. ಈತ ಹಿಂದಿನ ಚಕ್ರದಿಂದ ಶುರುಮಾಡಿದ.

"ಸ್ವಲ್ಪ ಬೇಗ ನೋಡ್ತೀರಾ? ಆರು ಗಂಟೆಗೆ ನಾನು ಮನೇಲಿರ್ಬೇಕು."

"ಅವಸರ ಮಾಡಬ್ಯಾಡ್ರಿ ಸಾಹೇಬ್ರ. ಖರೇ ಹೇಳಬೇಕಂದ್ರ ಎಲ್ಲಾ ನೋಡೇ ಹೇಳಬೇಕಾಗ್ತೈತಿ. ಚಾ ಕುಡೀರಿ."

ಚಹಾ ಬಂತು. ಚಹಾದ ಜೊತೆಗೆ ಮುಂಬಯಿಯ ಮೆಕ್ಯಾನಿಕ್ಕುಗಳು ಗಿರಾಕಿಗಳನ್ನು ಹೇಗೆ ಬೋಳಿಸುತ್ತಾರೆಂಬ ಪುರಾಣವೂ ಬಂತು. ವೆಂಕಟಸುಬ್ಬಯ್ಯ ಗಡಿಯಾರ ನೋಡಿದ, ಎದ್ದ, ಕೂತ, ಮತ್ತೆ ಎದ್ದ. ಪುರಾಣ ಮುಗಿಯುವಾಗ ಬಿಸಿಲು ಇಳಿದಿತ್ತು.

"ಗಾಡಿಗೆ ಏನೂ ಆಗಿಲ್ರಿ," ಎಂದ ಸಿದ್ದರಾಮಪ್ಪ ಕೈ ಒರೆಸಿಕೊಳ್ಳುತ್ತಾ. "ಬ್ಯಾಟರಿ ಸತ್ತೈತಿ, ಅಷ್ಟ. ಇವತ್ತ ಐತವಾರ, ಅಂಗಡಿ ಬಂದ್. ನಾಳೆ ಹೊಸಾದು ಹಾಕಸ್ರಿ. ಈಗ ತಳ್ಳಿ ಚಾಲೂ ಮಾಡಿ ಕೊಡ್ತೀವಿ. ಮನಿ ಮುಟ್ಟೋತನಕ ಎಂಜಿನ್ ಆಫ್ ಮಾಡಬ್ಯಾಡ್ರಿ, ಮತ್ತ ಸ್ಟಾರ್ಟ್ ಆಗಂಗಿಲ್ಲ."

"ಎಷ್ಟು ಕೊಡ್ಲಿ?"

"ಏನ್ ಮಾಡೀನಂತ ತಗೊಳ್ಳಲಿ? ಇಷ್ಟಕ್ಕ ಇಷ್ಟು ದೂರ ಯಾಕ ಬಂದ್ರಿ? ಬಾಜೂ ಗಾಡಿ ಬ್ಯಾಟರಿಯಿಂದ ವೈರ್ ಹಚ್ಚಿದ್ರ ನಿಂತಲ್ಲೇ ಚಾಲೂ ಆಗ್ತಿತ್ತಲ್ರಿ!"

ಬಿಲ್ಡಿಂಗಿನಲ್ಲಿ ನಿಂತಿದ್ದ ಗಾಡಿಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತಾ ವೆಂಕಟಸುಬ್ಬಯ್ಯ ಸ್ಟೇರಿಂಗ್ ಹಿಡಿದ. ಆದರೂ ಗುರುಗುಟ್ಟುತ್ತಲೇ ಬಂದು ಜಾಗದಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಆಗಿಲ್ಲ ಎನ್ನಲು ಯಾರಿಂದ ಸಾಧ್ಯ ಎಂದು ಧೈರ್ಯ ತಂದುಕೊಂಡ. ಹೆದ್ದಾರಿಯಲ್ಲಿ ಊರಿಗೆ ಊರೇ ಮನೆಗೆ ಹೊರಟಿತ್ತು. ಒಂದೊಂದು ಸಿಗ್ನಲ್ಲಿನಲ್ಲೂ ಆಕ್ಸಿಲರೇಟರ್ ಒತ್ತಿಹಿಡಿದು, ಮನೆದೇವರನ್ನು ನೆನೆದು, ಆರು ಕಳೆದು ಎಷ್ಟೋ ಹೊತ್ತಿನ ಮೇಲೆ ಅವನು ಗೇಟು ಹೊಕ್ಕ.

ಅವನ ಜಾಗದಲ್ಲಿ ಪ್ರೀತಮ್‌ನ ಹೊಸ ಕಾರು ಫಳಫಳ ಹೊಳೆಯುತ್ತಿತ್ತು.

"ಆರಕ್ಕೆ ಜಾಗ ಖಾಲಿ ಇತ್ತು," ಎಂದರು ವಿನೋದಿನಿಬಾಯಿ. "ನಿಯಮ್ ಮ್ಹಣಜೇ ನಿಯಮ್." ನಿಯಮ ಎಂದರೆ ನಿಯಮವೇ.

"ನಾನು ಸುಮ್ನೆ ಬಿಡ್ಲಿಲ್ಲ ಕಣ್ರೀ!" ಸುಮಿತ್ರಾ ಓಡಿ ಬಂದಳು. "ನಮ್ಮ ಗಾಡಿ ಕೆಟ್ಟಿಲ್ಲ, ಬೈಕುಲ್ಲಾ ತನಕ ಓಡ್ತಾ ಇದೆ ಅಂತ ಎಲ್ಲರ ಮುಂದೆ ಹೇಳ್ದೆ."

ಪ್ರೀತಮ್ ತಲೆ ತುರಿಸಿಕೊಂಡ. "ನಂಗೂ ಬೇಜಾರೇ ಮಾರಾಯ್ರೆ. ಸರದಿಯಲ್ಲಿ ಮೊದಲು ಇದ್ದದ್ದು ನಾನೇ, ಎಂತ ಮಾಡುವುದು? ನನ್ನ ಮರದ ಕೆಳಗಿನ ಜಾಗ ಖಾಲಿ ಉಂಟಲ್ಲ, ನೀವು ತಗೊಳ್ಳಿ. ಅಂದ ಹಾಗೆ, ಸಿದ್ದರಾಮಪ್ಪ ಒಳ್ಳೆ ಜನ ಅಲ್ವಾ?"

ವೆಂಕಟಸುಬ್ಬಯ್ಯನಿಗೆ ಮೈ ಉರಿಯಿತು. ಆದರೆ ಸುಳ್ಳು ಹೇಳುವುದು ಹೇಗೆ?

"ಒಳ್ಳೆಯವರೇ," ಎಂದ.

ಮರದ ಕೆಳಗೆ ಅಷ್ಟರಲ್ಲಿ ಯಾರದೋ ಟೆಂಪೋ ಬಂದು ನಿಂತಿತ್ತು. ಆಫ್ ಮಾಡುವಂತಿಲ್ಲ, ನಿಲ್ಲಿಸುವಂತಿಲ್ಲ. ವೆಂಕಟಸುಬ್ಬಯ್ಯ ಕಾಲೋನಿಯನ್ನು ಪ್ರದಕ್ಷಿಣೆ ಹಾಕತೊಡಗಿದ. ಎಷ್ಟನೆಯದೋ ಸುತ್ತಿನಲ್ಲಿ ಫೋನು ಬಂತು.

"ರೀ, ಪ್ರೀತಮ್ ಅವರ ಬಾನೆಟ್ಟು ನಮ್ಮದಕ್ಕಿಂತ ಅಗಲವಂತೆ. ನಾಳೆಯಿಂದ ಹಪ್ಪಳ ಅಲ್ಲೇ ಹಾಕಿ ಅಕ್ಕ ಅಂದ್ರು, ಪಾಪ. ಊಟಕ್ಕೆ ಬರಲ್ವಾ? ಗಾಡಿ ಏನಾಯ್ತು?"

ತನ್ನ ಬಿಲ್ಡಿಂಗಿನ ಗೇಟನ್ನು ಮತ್ತೊಮ್ಮೆ ಹಾದುಹೋಗುತ್ತಾ ವೆಂಕಟಸುಬ್ಬಯ್ಯ ಹೇಳಿದ:

"ಓಡ್ತಾ ಇದೆ ಕಣೇ."