ಎರಡು ಗಂಟೆಗೊಂದು ಹನಿ

ಇಷ್ಟಕ್ಕೆಲ್ಲ ಕಾರಣ ಒಂದು ಪುಟ್ಟ ಚೌಕ.

ದಿಕ್ಕಿಲ್ಲದ ಪ್ರಾಣಿಗಳ ಆಶ್ರಯಧಾಮದಲ್ಲಿ ಕೊಟ್ಟ ಅರ್ಜಿಯ ಕೊನೆಯ ಸಾಲಿನಲ್ಲಿ ಎರಡು ಚೌಕಗಳಿದ್ದವು. ಒಂದರ ಪಕ್ಕದಲ್ಲಿ ‘ಸಾಮಾನ್ಯ’ ಎಂದೂ ಇನ್ನೊಂದರ ಪಕ್ಕದಲ್ಲಿ ‘ತುರ್ತು’ ಎಂದೂ ಬರೆದಿತ್ತು. ಕನ್ನಡಕದಂಗಡಿಯಾತ ಗೋಡೆ ಗಡಿಯಾರ ನೋಡಿದ. ಎಂಟೂಕಾಲು. ಒಂಬತ್ತೂವರೆಗೆ ಅಂಗಡಿ ಬಾಗಿಲು ತೆಗೆಯಬೇಕು, ಅಷ್ಟರೊಳಗೆ ಒಂದು ಬೆಕ್ಕನ್ನು ಮನೆಗೆ ಒಯ್ದು ಅಕ್ಕನ ಮಡಿಲಿಗೆ ಹಾಕಬೇಕು. ಕೆಲಸ ಬೇಗ ಮುಗಿದರೆ ಸಾಕೆಂದು ‘ತುರ್ತು’ ಚೌಕಕ್ಕೆ ದೊಡ್ಡದೊಂದು ಗುರುತು ಹಾಕಿ ಸಹಿ ಮಾಡಿದ.

ಅರ್ಜಿ ಓದಿದ ಧಾಮದ ಡಾಕ್ಟ್ರಮ್ಮ ಕುರ್ಚಿ ಬಿಟ್ಟು ಎದ್ದೇ ನಿಂತರು.

“ನಿಜವಾಗ್ಲೂನಾ? ಎಂಟು ತಿಂಗಳಿಂದ ಈ ಚೌಕ ಇಲ್ಲೇ ಇದೆ. ಒಬ್ರೂ ಪೆನ್ನು ತಾಗಿಸಿರ್ಲಿಲ್ಲ ನೋಡಿ!”

“ಸ್ವಲ್ಪ ಅವಸರ ಇತ್ತು, ಅದಕ್ಕೇ...”

“ನಮಗೂ ಅವಸರವೇ. ಬನ್ನಿ ಬನ್ನಿ.”

ಅವನು ಏನಾದರೂ ಹೇಳುವಷ್ಟರಲ್ಲಿ ಡಾಕ್ಟ್ರಮ್ಮ ಎರಡು ಓಣಿ ದಾಟಿ ಕೊನೆಯ ಗೂಡಿನ ಚಿಲಕ ತೆಗೆದಾಗಿತ್ತು. ಒಳಗೆ ಮಣ್ಣಿನ ಬಣ್ಣದ ನಾಯಿಯೊಂದು ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ ಇವನನ್ನು ಮೇಲಿಂದ ಕೆಳಗೆ ಅಳೆಯಿತು. ಆ ನೋಟಕ್ಕೇ ಅದಕ್ಕೆ ‘ಇನ್ಸ್‌ಪೆಕ್ಟರ್’ ಎಂದು ಹೆಸರಾಗಿತ್ತು.

“ನಾನು ಬೆಕ್ಕಿಗೆ ಅಂತ...”

“ತುರ್ತು ಪಟ್ಟೀಲಿ ಈಗ ಬೆಕ್ಕಿಲ್ಲ, ಇವನೊಬ್ನೇ. ಕಣ್ಣುಗುಡ್ಡೆ ಮೇಲೆ ಹುಣ್ಣಾಗಿದೆ. ಬೆಳಗ್ಗೆ ಆರರಿಂದ ರಾತ್ರಿ ಹತ್ತರತನಕ ಎರಡು ಗಂಟೆಗೊಂದು ಸಲ ಒಂದು ಹನಿ ಔಷಧಿ ಬೀಳ್ಬೇಕು. ಐದು ದಿನ ತಪ್ಪದೆ ಬಿದ್ರೆ ಕಣ್ಣು ಉಳಿಯತ್ತೆ, ಇಲ್ಲಾಂದ್ರೆ ಇಲ್ಲ. ಇಲ್ಲಿ ತೊಂಬತ್ತು ಪ್ರಾಣಿಗೆ ನಾವು ಮೂರು ಜನ. ನೀವೇ ಹೇಳಿ, ಆಗತ್ತಾ?” ಎಂದ ಡಾಕ್ಟ್ರಮ್ಮ, “ನಿಮ್ದೇನು ಕೆಲಸ?” ಎಂದು ಕೇಳಿದರು.

“ಕನ್ನಡಕದಂಗಡಿ.”

“ಅಯ್ಯೋ, ಕಣ್ಣಿನವರೇ ಸಿಕ್ಕಿದ್ರಲ್ಲ!”

ಕಣ್ಣಿನ ನಂಬರು ನೋಡುವುದಕ್ಕೂ ಕಣ್ಣಿನ ವೈದ್ಯಕ್ಕೂ ಇರುವ ವ್ಯತ್ಯಾಸವನ್ನು ಅವನು ವಿವರಿಸಬೇಕೆಂದಿದ್ದ. ಆದರೆ ಆ ಹೊತ್ತಿಗೆ ನಾಯಿ ಕೀವು ಕಟ್ಟಿದ ಕಣ್ಣನ್ನು ಕಷ್ಟಪಟ್ಟು ಅರ್ಧ ತೆರೆದು ಅವನತ್ತ ನೋಡಿತು. ಮೂವತ್ತು ವರ್ಷ ಜನರ ಕಣ್ಣು ನೋಡಿಯೇ ಅನ್ನ ತಿಂದವನು. ಆ ಕೆಂಪು ಕಣ್ಣು ಕಂಡ ಮೇಲೆ ಹನಿ ಔಷಧಿಯ ಶೀಶೆಗೆ ಕೈ ಚಾಚಿದ.

“ಇವತ್ತೊಂದು ದಿನ ಇಟ್ಕೊಂಡು ನೋಡಿ. ಸಂಜೆ ಐದಕ್ಕೆ ನಾನೇ ಬರ್ತೀನಿ. ಹೊಂದಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ತೀನಿ. ಆದ್ರೆ ಇಲ್ಲಿಗೆ ಬಂದ್ರೆ ಕಣ್ಣಿನ ಆಸೆ ಬಿಟ್ಟ ಹಾಗೇನೇ.” ಗೇಟಿನವರೆಗೆ ಬಂದು, ಹಗ್ಗ ಕೈಗಿತ್ತ ಮೇಲೆ, ಡಾಕ್ಟ್ರಮ್ಮ ಅತಿ ಮೆಲ್ಲಗೆ ಸೇರಿಸಿದರು: “ಇನ್ನೊಂದು ಮಾತು. ಕನ್ನಡಕ ಹಾಕ್ಕೊಂಡವರನ್ನ ಕಂಡ್ರೆ ಇವನಿಗಾಗಲ್ಲ. ಯಾಕೆ ಅಂತ ಅವನೇ ಹೇಳ್ಬೇಕು. ಒಂಟಿಯಾಗಿ ಬಿಟ್ರೆ ಊಳಿಡ್ತಾನೆ, ಜೊತೇಲೇ ಇಟ್ಕೊಳ್ಳಿ.”

ಅವನು ತನ್ನ ದಪ್ಪ ಗಾಜಿನ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಗೂಡಿನ ಮಬ್ಬಿನಲ್ಲಿ ಕಾಣದಿದ್ದ ಗಾಜು ಬಿಸಿಲಿಗೆ ಥಳಕ್ಕೆಂದಿತು. ಇನ್ಸ್‌ಪೆಕ್ಟರ್ ಬೊಗಳಿದ ರಭಸಕ್ಕೆ ಗೇಟಿನ ತಗಡು ಕೂಡ ಗಡಗಡ ಎಂದಿತು.

ಕನ್ನಡಕ ಜೇಬಿಗೆ ಹಾಕಿಕೊಂಡ. ಜಗತ್ತು ನೀರಿಗೆ ಬಿದ್ದ ಕಾಗದದ ಹಾಗೆ ಕಲಸಿಹೋಯಿತು. ಆಮೇಲೆ ಅವನು ನಾಯಿಯನ್ನು ಕರೆದುಕೊಂಡು ಹೋದನೋ ನಾಯಿ ಅವನನ್ನು ಕರೆದುಕೊಂಡು ಹೋಯಿತೋ ಹೇಳುವುದು ಕಷ್ಟ.

ಬಾಗಿಲು ತೆಗೆದ ಅಕ್ಕನ ಮೂಗಿನ ಮೇಲೂ ಕನ್ನಡಕವಿತ್ತು, ತಮ್ಮನೇ ಆರಿಸಿ ಕೊಟ್ಟದ್ದು. ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತು ತನ್ನ ಅಭಿಪ್ರಾಯವನ್ನು ಬೀದಿಗೆಲ್ಲ ಕೇಳುವಂತೆ ಹೇಳಿತು.

“ಏನೋ ಇದು? ಮೂಲೇಲಿ ಸುಮ್ನೆ ಬಿದ್ದಿರೋ ಬೆಕ್ಕು ತಾ ಅಂದ್ರೆ!”

“ಅಕ್ಕಾ, ಕನ್ನಡಕ ಕಂಡ್ರೆ ಅದಕ್ಕಾಗಲ್ವಂತೆ, ಅರ್ಜೀಲಿ...”

“ಅರ್ಜಿ ಗಿರ್ಜಿ ನಂಗೆ ಹೇಳ್ಬೇಡ. ಕನ್ನಡಕ ತೆಗೆದು ಈ ಮನೇಲಿ ಓಡಾಡೋಕೆ ನಂಗೇನು ಹುಚ್ಚೇ? ಸಂಜೆಯೊಳಗೆ ಇದು ಬೇರೆ ಮನೆ ಸೇರ್ಬೇಕು, ಇಲ್ಲಾಂದ್ರೆ ನೀನು ಸೇರ್ತೀಯ.”

ಹೀಗಾಗಿ ನಾಯಿ ಅಂಗಡಿಗೆ ಬಂತು. ಊರಿನಲ್ಲಿ ಅದು ಬರಬಾರದ ಜಾಗ ಒಂದಿದ್ದರೆ ಅದು ಇದೇ. ನಾಲ್ಕೂ ಗೋಡೆಗೆ ಕನ್ನಡಕ, ಗಾಜಿನ ಪೆಟ್ಟಿಗೆಯ ತುಂಬ ಕನ್ನಡಕ, ಬಾಗಿಲ ಮೇಲಿನ ಹಲಗೆಯಲ್ಲಿ ಆಳೆತ್ತರದ ಕನ್ನಡಕ. ಆದರೆ ಮೂಗಿನ ಮೇಲೆ ಕೂರದ ಕನ್ನಡಕದ ಬಗ್ಗೆ ಇನ್ಸ್‌ಪೆಕ್ಟರಿಗೆ ತಕರಾರಿರಲಿಲ್ಲ. ಒಂದು ಸುತ್ತು ತಪಾಸಣೆ ಮುಗಿಸಿ, ಅಕ್ಷರದ ಪಟ್ಟಿಯ ಕೆಳಗೆ ಮಲಗಿತು.

ಹತ್ತು ಗಂಟೆಗೆ ಮೊದಲ ಹನಿ. ಕನ್ನಡಕವಿಲ್ಲದ ಅವನು ನೆಲಕ್ಕೆ ಮಂಡಿಯೂರಿ, ಕಂದು ಮೋಡದಂತೆ ಕಾಣುತ್ತಿದ್ದ ನಾಯಿಯಲ್ಲಿ ಕಣ್ಣೆಲ್ಲಿದೆಯೆಂದು ಹುಡುಕಿದ. ಒಂದು ಹನಿ ಕಿವಿಗೆ ಬಿತ್ತು. ಒಂದು ಅವನ ಹೆಬ್ಬೆರಳಿಗೆ ಬಿತ್ತು. ನಾಯಿ ಗುರ್ರೆಂದಿತು. ಅವನು ಬೇರೇನೂ ತೋಚದೆ, ದಿನವೂ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದ:

“ಗದ್ದ ಇಲ್ಲಿಡಿ ಸಾರ್. ಹಾಂ. ನೇರ ನೋಡಿ. ಮಿಟುಕಿಸ್ಬೇಡಿ. ಭಯ ಇಲ್ಲ, ಒಂದೇ ನಿಮಿಷ.”

ನಾಯಿ ಅವನ ಅಂಗೈ ಮೇಲೆ ಗದ್ದ ಇಟ್ಟಿತು. ಮೂರನೆಯ ಹನಿ ಸರಿಯಾಗಿ ಕಣ್ಣಿಗೇ ಬಿತ್ತು.

“ನಾಯಿಗೆ ಸಾರ್ ಅಂತೀರಲ್ರೀ!” ಎಂದು ಬಾಗಿಲಿನಿಂದ ನಗು ಕೇಳಿಸಿತು. ಪಕ್ಕದಂಗಡಿಯ ಟೇಲರ್ ಮಾಸ್ಟರು. ಕತ್ತಿನಲ್ಲಿ ಅಳತೆಪಟ್ಟಿ, ಕಿವಿಯಲ್ಲಿ ಸೀಮೆಸುಣ್ಣದ ತುಂಡು. ವಯಸ್ಸು ಅರವತ್ತೆರಡಾದರೂ ಸೂಜಿಗೆ ಬರಿಗಣ್ಣಿನಲ್ಲೇ ದಾರ ಪೋಣಿಸುವವರು. ಅದನ್ನು ದಿನಕ್ಕೊಮ್ಮೆ ಕನ್ನಡಕದಂಗಡಿಯಾತನ ಮುಂದೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಅವರ ಬರಿ ಮೂಗನ್ನು ಪರೀಕ್ಷಿಸಿ, ಬಾಲ ಅಲ್ಲಾಡಿಸಿತು.

“ನೋಡಿದ್ರಾ? ಆರೋಗ್ಯವಾದ ಕಣ್ಣು ಯಾವುದು ಅಂತ ಮೂಕಪ್ರಾಣಿಗೂ ಗೊತ್ತು,” ಎಂದರು ಮಾಸ್ಟರು. ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟರು. ಅಲ್ಲಿಂದಾಚೆಗೆ ತಮ್ಮ ಅಂಗಡಿಯಲ್ಲಿ ಅವರು ಹೊಲಿದದ್ದಕ್ಕಿಂತ ಇಲ್ಲಿ ನಿಂತು ಬುದ್ಧಿ ಹೇಳಿದ್ದೇ ಹೆಚ್ಚು. ಹಗ್ಗ ಹಾಗೆ ಹಿಡಿಯಬಾರದು. ನೀರಿನ ಬಟ್ಟಲು ಅಲ್ಲಿಡಬಾರದು. ನಾಯಿಯ ಹತ್ತಿರ ಅಷ್ಟು ಸಣ್ಣ ದನಿಯಲ್ಲಿ ಮಾತಾಡಬಾರದು.

ಹನ್ನೊಂದಕ್ಕೆ ನಿವೃತ್ತ ಪೋಸ್ಟ್ ಮಾಸ್ಟರು ಹೊಸ ಫ್ರೇಮ್ ಆರಿಸಲು ಬಂದರು. ಒಂದು ಹಾಕಿಕೊಂಡರು, ನಾಯಿ ಬೊಗಳಿತು. ತೆಗೆದರು, ಸುಮ್ಮನಾಯಿತು. ಇನ್ನೊಂದು ಹಾಕಿದರು, ಇನ್ನೂ ಜೋರಾಗಿ ಬೊಗಳಿತು.

“ಇದು ನನಗೆ ಒಪ್ಪಲ್ಲ ಅನ್ನತ್ತೆ ಅಲ್ವಾ?” ಎಂದು ಕೇಳಿದರು ಪೋಸ್ಟ್ ಮಾಸ್ಟರು ಗಂಭೀರವಾಗಿ.

“ಹಾಗೇನಿಲ್ಲ ಸಾರ್...”

“ಇಲ್ಲ ಇಲ್ಲ, ನನ್ನ ಹೆಂಡ್ತಿನೂ ಇಷ್ಟು ನೇರವಾಗಿ ಹೇಳಲ್ಲ. ಬೇರೆ ಕೊಡಿ.”

ಹನ್ನೊಂದನೆಯ ಫ್ರೇಮಿಗೆ ನಾಯಿ ತುಟಿ ಪಿಟಕ್ಕೆನ್ನಲಿಲ್ಲ. “ಇದೇ! ಪ್ಯಾಕ್ ಮಾಡಿ,” ಎಂದು ಪೋಸ್ಟ್ ಮಾಸ್ಟರು ಕನ್ನಡಿಯಲ್ಲಿ ಎರಡೂ ಕಡೆ ತಿರುಗಿ ನೋಡಿಕೊಂಡರು. ಅದು ಅವರ ಮುಖಕ್ಕೆ ಸೈಕಲ್ಲಿಗೆ ಬಸ್ಸಿನ ದೀಪ ಕಟ್ಟಿದಂತಿತ್ತು. ನಾಯಿಗೆ ಅಷ್ಟರಲ್ಲಿ ನಿದ್ದೆ ಹತ್ತಿತ್ತು ಎಂದು ಹೇಳುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ಆಮೇಲೆ ಬಂದ ಗಿರಾಕಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕನ್ನಡಕ ತೆಗೆದು ಒಳಗೆ ಬನ್ನಿ ಎಂದರೆ ಒಬ್ಬಾಕೆ ಗಾಜಿನ ಬಾಗಿಲಿಗೇ ಹಣೆ ಕುಟ್ಟಿಕೊಂಡಳು. ಇನ್ನೊಬ್ಬ, ಅಕ್ಷರ ಪಟ್ಟಿಯ ಕೊನೆಯ ಸಾಲು ಓದಿ ಎಂದರೆ, “ಅಲ್ಲಿ ಯಾವುದೋ ಪ್ರಾಣಿ ಮಲಗಿದ ಹಾಗಿದೆ,” ಎಂದ. ಅವನ ಕಣ್ಣು ಸರಿಯಾಗಿಯೇ ಇತ್ತು.

ಹನ್ನೆರಡರ ಹನಿ ಬಿತ್ತು. ಎರಡರ ಹನಿ ಬಿತ್ತು. ಪ್ರತಿ ಸಲವೂ “ಗದ್ದ ಇಲ್ಲಿಡಿ ಸಾರ್” ಎಂದರೆ ಸಾಕು, ಗದ್ದ ಅಂಗೈಗೆ ಬರುತ್ತಿತ್ತು. ಆದರೆ ನಾಯಿ ಮುಂಗಾಲಿನಿಂದ ಕಣ್ಣು ಕೆರೆದುಕೊಳ್ಳುವುದನ್ನು ಬಿಡಲಿಲ್ಲ. ಕಾಲು ಕಣ್ಣಿಗೆ ತಾಗದಿರಲೆಂದು ಧಾಮದವರು ಕೊರಳಿಗೆ ತೊಡಿಸಿದ್ದ ಪ್ಲಾಸ್ಟಿಕ್ ಕೊಡೆಗಳನ್ನೆಲ್ಲ ಅದು ಜಗಿದು ಹಾಕಿತ್ತಂತೆ.

“ಅಷ್ಟೇನಾ?” ಎಂದರು ಟೇಲರ್ ಮಾಸ್ಟರು. ನಾಯಿಯ ಕತ್ತಿಗೆ ಪಟ್ಟಿ ಸುತ್ತಿ, “ಹದಿನೈದೂವರೆ. ನಿಮಗಿಂತ ಅರ್ಧ ಇಂಚು ಜಾಸ್ತಿ,” ಎಂದು ಹೋದರು. ಅರ್ಧ ಗಂಟೆಯಲ್ಲಿ, ಕೋಟಿನ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ನಾಲ್ಕು ಪದರ ಸೇರಿಸಿ, ಅಂಚಿಗೆ ಮೆತ್ತನೆಯ ಪಟ್ಟಿ ಹೊಲಿದು, ದೊಡ್ಡ ಹೂವಿನಂಥ ಕೊರಳಕೊಡೆಯೊಂದನ್ನು ತಂದು ತೊಡಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ತಪ್ಪು ಅಳತೆಯದಲ್ಲ, ಅಂಗಡಿಯೊಳಗಿನ ಇಕ್ಕಟ್ಟಿನದು.

ನಾಲ್ಕರ ಹನಿ ಹಾಕಲು ಬಗ್ಗುವ ಮುನ್ನ ಅವನು ಜೇಬಿನಲ್ಲಿದ್ದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಾಯಿ ಸಂತೋಷದಿಂದ ತಿರುಗಿತು. ಕೊಡೆಯ ಅಂಚು ಫ್ರೇಮುಗಳ ಕಂಬಕ್ಕೆ ಸಿಕ್ಕಿ, ಕಂಬ ಮೇಜಿನ ಮೇಲೆ ಉರುಳಿ, ಎಂಬತ್ತು ಕನ್ನಡಕಗಳು ನೆಲಕ್ಕೆ ಸುರಿದವು. ಅವುಗಳ ಜೊತೆಗೆ ಅವನದೂ.

ಕನ್ನಡಕವಿಲ್ಲದವನು ಎಂಬತ್ತೊಂದು ಕನ್ನಡಕಗಳ ನಡುವೆ ತನ್ನ ಕನ್ನಡಕ ಹುಡುಕುವುದು ಹೇಗೆ? ಒಂದೊಂದನ್ನೇ ಎತ್ತಿ ಮೂಗಿಗೇರಿಸಿ ನೋಡಬೇಕು. ಏರಿಸಿದಾಗೆಲ್ಲ ನಾಯಿ ಬೊಗಳಿತು. ಅವನು ಅಂಬೆಗಾಲಿಡುತ್ತ ಏರಿಸಿದ, ಅದು ಬೊಗಳಿತು. ಇಳಿಸಿದ, ಅದು ಮುಖ ನೆಕ್ಕಿತು. ಇಪ್ಪತ್ತಾರನೆಯದಕ್ಕೆ ಫೋನ್ ರಿಂಗಾಯಿತು. ಅಕ್ಕ.

“ಹೋಯ್ತೇನೋ ಅದು?”

ಹಿನ್ನೆಲೆಯಲ್ಲಿ ಕೇಳಿದ ದನಿಯೇ ಉತ್ತರವಾಯಿತು. ಅಕ್ಕ ಫೋನಿಟ್ಟಳು.

ಅವನು ನೆಲದಲ್ಲೇ ಕೂತು ನಾಲ್ಕರ ಹನಿ ಹಾಕಿದ. ನಾಯಿ ಕೊಡೆ ಸಮೇತ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಬೆಳಗ್ಗೆ ಅರ್ಧ ತೆರೆಯಲೂ ಕಷ್ಟಪಟ್ಟಿದ್ದ ಎಡಗಣ್ಣು ಈಗ ಮುಕ್ಕಾಲು ತೆರೆದಿತ್ತು. ಅದನ್ನು ಹತ್ತಿರದಿಂದ, ಮೂಗಿಗೆ ಮೂಗು ತಾಗಿಸಿ, ಅವನು ಕಂಡ. ವಾಪಸ್ ಕಳಿಸಿದರೆ ಈ ಕಣ್ಣು ಹೋಗುತ್ತದೆ. ಇಟ್ಟುಕೊಂಡರೆ ಮನೆ ಹೋಗುತ್ತದೆ, ಅಂಗಡಿಯೂ ಹೋಗುತ್ತದೆ.

“ನಾನಿಟ್ಕೊತೀನಿ ಕಣ್ರೀ,” ಎಂದರು ಮಾಸ್ಟರು ಬಾಗಿಲಿನಿಂದ. “ಅಂಗಡಿ ಹಿಂದೇನೇ ನನ್ನ ಮನೆ. ಒಬ್ನೇ ಇರೋನು. ಮನೇಲಿ ಒಂದೂ ಕನ್ನಡಕ ಇಲ್ಲ, ಬರೋದೂ ಇಲ್ಲ.”

ಅವರು ಜಂಬ ಕೊಚ್ಚಿಕೊಂಡದ್ದು ಕೇಳಿ ಕನ್ನಡಕದಂಗಡಿಯಾತನಿಗೆ ಸಂತೋಷವಾದದ್ದು ಅದೇ ಮೊದಲು.

ಐದಕ್ಕೆ ಸರಿಯಾಗಿ ಡಾಕ್ಟ್ರಮ್ಮ ಬಂದರು. ಟಾರ್ಚು ಹಾಕಿ ಕಣ್ಣು ನೋಡಿ, “ಪರವಾಗಿಲ್ವೇ! ಒಂದೇ ದಿನಕ್ಕೆ ಇಷ್ಟು!” ಎಂದರು. ಮಾಸ್ಟರ ಹೆಸರಿಗೆ ಹೊಸ ಅರ್ಜಿ ಬರೆದು ಸಹಿ ಹಾಕಿಸಿಕೊಂಡರು. ಹನಿಯ ಶೀಶೆ ಇವನ ಜೇಬಿನಿಂದ ಮಾಸ್ಟರ ಜೇಬಿಗೆ ಹೋಯಿತು. ಹಗ್ಗವೂ ಕೈ ಬದಲಾಯಿಸಿತು. ಹೊರಡುವಾಗ ಡಾಕ್ಟ್ರಮ್ಮ ಇವನತ್ತ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ; ಆರಂಭಿಸಿದ ಕೆಲಸ ಅರ್ಧಕ್ಕೆ ಬಿಟ್ಟವನ ಬಗ್ಗೆ ಇರುವ ಕನಿಕರವಿತ್ತು.

ಅವನು ನೆಲದ ರಾಶಿಯಲ್ಲಿ ತನ್ನ ಕನ್ನಡಕ ಹುಡುಕಿ ಮೂಗಿಗೇರಿಸಿದ. ಯಾರೂ ಬೊಗಳಲಿಲ್ಲ. ಫ್ರೇಮುಗಳನ್ನೆಲ್ಲ ಎತ್ತಿ ಒರೆಸಿ ಕಂಬಕ್ಕೆ ಸಿಕ್ಕಿಸಿದ. ಅಕ್ಕನಿಗೆ ಫೋನ್ ಮಾಡಿ, “ಹೋಯ್ತು,” ಎಂದ. “ಒಳ್ಳೇದಾಯ್ತು, ಬೇಗ ಬಾ,” ಎಂದಳು ಅಕ್ಕ. ಅಂಗಡಿ ನೀಟಾಗಿತ್ತು, ತಣ್ಣಗಿತ್ತು. ಆರು ಗಂಟೆಗೆ ಅವನ ಕೈ ತಾನೇ ತಾನಾಗಿ ಜೇಬಿಗೆ ಹೋಗಿ, ಅಲ್ಲೇನೂ ಇಲ್ಲವೆಂದು ಹೊರಗೆ ಬಂತು. ಪೆಚ್ಚಾಗಿ ನಕ್ಕು ಬಾಗಿಲ ಬೀಗ ಹುಡುಕತೊಡಗಿದ.

ಮಾಸ್ಟರು ಓಡಿ ಬಂದರು. ಬಲಗೈಯಲ್ಲಿ ಶೀಶೆ, ಎಡತೋಳಿಗೆ ಅಂಗಿಯ ತೋಳೇ ಇರಲಿಲ್ಲ.

“ಬಿಸ್ಕತ್ತು ತಿಂದ. ಕಾಲ ಹತ್ರ ಮಲಗ್ದ. ಬಂಗಾರದಂಥ ನಾಯಿ ಕಣ್ರೀ. ಶೀಶೆ ತೆಗೆದೆ ನೋಡಿ, ಹಲ್ಲು ಬಿಟ್ಟ! ಸಾರ್ ಅಂದೆ, ಸಾಹೇಬ್ರೇ ಅಂದೆ, ಸ್ವಾಮಿ ಅಂತಾನೂ ಅಂದೆ. ಹತ್ತಿರ ಸೇರಿಸ್ತಿಲ್ಲ. ನೀವೇ ಬಂದು ಹಾಕಿ.”

“ಈ ಸಲ ಹಾಕ್ತೀನಿ. ಆಮೇಲೆ?”

“ಆಮೇಲೆ ಎಂಟಕ್ಕೆ ಬನ್ನಿ. ಆಮೇಲೆ ಹತ್ತಕ್ಕೆ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದಿರ್ತೀನಿ. ಐದೇ ದಿನ ಅಲ್ವೇ? ಕಣ್ಣು ಹೋದ್ರೆ ಪಾಪ ನಿಮ್ಗೇ ತಾನೇ?”

ಮಾಸ್ಟರ ಮನೆಯ ನೆಲ ಅಂಗಡಿಯ ನೆಲಕ್ಕಿಂತ ಗಟ್ಟಿಯಾಗಿತ್ತು. ಅವನು ಹೊಸ್ತಿಲಲ್ಲೇ ಕಳಚಿದ ಕನ್ನಡಕವನ್ನು ಪಕ್ಕಕ್ಕಿಟ್ಟು, ಶೀಶೆಯ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡು ಮಂಡಿಯೂರಿದ. ಅವನು ಕೇಳುವ ಮೊದಲೇ ನಾಯಿ ಅಂಗೈ ಮೇಲೆ ಗದ್ದವಿಟ್ಟಿತು. ಹನಿ ಬಿತ್ತು. ಮಾಸ್ಟರು ಶೀಶೆ ಇಸಿದುಕೊಂಡು ಆರಾಮಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯತೊಡಗಿದರು.

ಆಗ ಬಾಗಿಲು ಬಡಿದು ಡಾಕ್ಟ್ರಮ್ಮ ಒಳಗೆ ಬಂದರು. ಕೊಡಲು ಮರೆತ ಮಾತ್ರೆಯ ಪೊಟ್ಟಣ ಅವರ ಕೈಯಲ್ಲಿತ್ತು. ನಾಯಿಯ ಕಣ್ಣು ಒದ್ದೆಯಾಗಿ ಹೊಳೆಯುತ್ತಿದ್ದದ್ದನ್ನು ಕಂಡು ಅವರ ಮುಖ ಅರಳಿತು.

“ಆರಕ್ಕೆ ಅಂದ್ರೆ ಸರಿಯಾಗಿ ಆರಕ್ಕೇ ಹನಿ! ಮಾಸ್ಟರೇ, ನಿಮ್ಮಂಥವರು ಇನ್ನು ನಾಲ್ಕು ಜನ ಸಿಕ್ಕಿದ್ರೆ ನನ್ನ ಧಾಮ ಖಾಲಿಯಾಗ್ತಿತ್ತು.” ಆಮೇಲೆ ನೆಲದಲ್ಲಿ ಕನ್ನಡಕಕ್ಕಾಗಿ ತಡಕಾಡುತ್ತಿದ್ದವನನ್ನು ನೋಡಿ, “ಇವರೇನು ಇಲ್ಲಿ?” ಎಂದರು.

ಅವನು ಹೇಳಹೊರಟ. ಬಾಯಿ ತೆರೆದರೆ ಹಲ್ಲಿನಲ್ಲಿದ್ದ ಮುಚ್ಚಳ ನಾಯಿಯ ಬಾಯಿಗೆ ಬೀಳುತ್ತದೆಂದು ಹಲ್ಲು ಬಿಗಿಹಿಡಿದ.

“ಪಾಪ, ಬಿಡಿ ಡಾಕ್ಟ್ರೇ,” ಎಂದರು ಮಾಸ್ಟರು, ಚಹಾದ ಲೋಟ ಕೆಳಗಿಟ್ಟು. “ಸಾಕೋ ತಾಕತ್ತಿಲ್ಲ, ಆದ್ರೆ ಆಸೆ ಇದೆ. ಎರಡು ಗಂಟೆಗೊಂದು ಸಲ ಬಂದು ನೋಡ್ಕೊಂಡು ಹೋಗಿ ಅಂತ ನಾನೇ ಹೇಳಿದೀನಿ.”