ಒಂದೇ ಕಂಬದ ತೊಟ್ಟಿಲು

ಮುದ್ದೆ ತನ್ನಷ್ಟಕ್ಕೆ ತಾನೇ ಉಂಡೆ ಕಟ್ಟಿಕೊಂಡು ತಟ್ಟೆಗೆ ಉರುಳಿ ಬರುವುದಿಲ್ಲ. ಉಣ್ಣುವವರಿಗೆಲ್ಲ ಗೊತ್ತಿರಬೇಕಾದ ಸಂಗತಿ ಇದು. ಆದರೂ ದಿನಕ್ಕೆರಡು ಹೊತ್ತು ಮುರಿದು ನುಂಗುವ ಗಂಡಸರಲ್ಲಿ ಮುಕ್ಕಾಲು ಪಾಲು ಜನಕ್ಕೆ, ಆ ಮುದ್ದೆಯ ಹಿಂದೆ ಒಂದು ಕೋಲಿದೆ, ಕೋಲಿನ ಹಿಂದೆ ಒಂದು ತೋಳಿದೆ, ಆ ತೋಳಿಗೂ ನೋವಾಗುತ್ತದೆ ಎಂಬುದು ಇವತ್ತಿಗೂ ಹೊಳೆದಿಲ್ಲ.

ಭಾನು: ಮುದ್ದೆ ಯಾಕ್ರೀ ಕೆಂಪಗೈತೆ?

ಮನೋಹರ: ಕೆಂಪಗೆಲ್ಲೈತೆ? ಹೊಸ ರಾಗಿ ಕಣೆ.

ಭಾನು: ರಾಗಿ ಕೆಂಪು ನಂಗೊತ್ತು. ಇದು ಕುಂಕುಮದ ಕೆಂಪು. ಅಗೋ, ಅಲ್ಲೊಂದ್ಕಡೆ ಅರಿಶ್ನನೂ ಐತೆ. ನೀವು ಮಾಡಿರೋದು ಮುದ್ದೆನಾ, ಮುತ್ತೈದೆನಾ?

ಮನೋಹರ: ಸಾರಲ್ಲಿ ಅದ್ದಿದ್ರೆ ಕಾಣಾಕಿಲ್ಲ. ಉಣ್ಣು ಸುಮ್ಕೆ.

ಭಾನು: ಮೊದ್ಲು ನೀವು ಉಣ್ಣಿ.

ಮನೋಹರ ಮುದ್ದೆಯನ್ನು ನೋಡಿದ. ಮುದ್ದೆಯೂ ಅವನನ್ನು ಕೆಂಪು ಕೆಂಪಾಗಿ ನೋಡಿತು. ಅವನು ಉಣ್ಣಲಿಲ್ಲ.

ಬೈರಾಪಟ್ಟಣದಿಂದ ಗಂಡಹೆಂಡಿರು ರಾಮನಗರದ ಈ ಮಹಡಿ ಮನೆಗೆ ಬಾಡಿಗೆಗೆ ಬಂದು ಆರು ತಿಂಗಳು. ಮನೋಹರನಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಮೂರು ಗಂಟೆಗೆಲ್ಲ ಮನೆ ಸೇರುತ್ತಾನೆ. ಭಾನುಪ್ರಿಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅವಳು ಮೆಟ್ಟಿಲು ಹತ್ತುವಾಗ ರಾತ್ರಿ ಎಂಟು. ಮೊದಲ ತಿಂಗಳು ಅವಳೇ ಬಂದು ಎಸರಿಟ್ಟಳು. ಒಂದು ದಿನ ಉಣ್ಣುತ್ತ ಕೂತವಳು ಅಲ್ಲೇ ತೂಕಡಿಸಿ ಸಾರಿನೊಳಕ್ಕೆ ಹಣೆ ಅದ್ದಿದಳು. ಮಾರನೆಯ ದಿನದಿಂದ ಕೋಲು ಮನೋಹರನ ಕೈಗೆ ಬಂತು. ಆವತ್ತಿನಿಂದ ಮುದ್ದೆ ತೊಳಸುವ ಹೊತ್ತಿಗೆ ಈ ಮನೆಯ ಬಾಗಿಲು ಬಂದ್, ಕಿಟಕಿ ಬಂದ್. ಯಾಕಪ್ಪಾ ಎಂದು ಕೆಳಗಿನ ಮನೆಯ ದೊಡ್ಡಲಕ್ಷ್ಮಮ್ಮ ಕೇಳಿದರೆ ಮನೋಹರನ ಬಳಿ ಒಂದೇ ಉತ್ತರ: ಸೊಳ್ಳೆ. ಇವತ್ತು ಭಾನುವಾರ, ಮಟಮಟ ಮಧ್ಯಾಹ್ನ. ಬಾಗಿಲು ಇವತ್ತೂ ಬಂದ್.

ಭಾನು: ಕೋಲು ತೋರ್ಸಿ.

ಮನೋಹರ: ಯಾವ ಕೋಲು?

ಭಾನು: ಬೆನ್ನಿಂದೆ ಬಚ್ಚಿಟ್ಕೊಂಡಿದ್ದೀರಲ್ಲ, ಅದು.

ಕೋಲು ಈಚೆ ಬಂತು. ನೋಡಿದರೆ ದೇವರ ಮುಂದೆ ಇಡುವ ಹಾಗಿತ್ತು. ಮೇಲಿನರ್ಧ ಕನ್ನಡಿಯಂಥ ಕೆಂಪು, ಅದರ ಸುತ್ತ ಹಳದಿ ಬಳೆ. ಕೆಳಗಿನರ್ಧದ ಬಣ್ಣವೆಲ್ಲ ಮುದ್ದೆಗೆ ಇಳಿದು ಬೋಳು ಮರ ಬಿಳಿಚಿಕೊಂಡಿತ್ತು.

ಭಾನು: ಇದೇನ್ರೀ ಇದು! ಮುದ್ದೆ ತೊಳ್ಸಿದ್ರಾ, ಕೋಲಾಟ ಆಡಿದ್ರಾ?

ಮನೋಹರ: ಆ ಹಳೇ ಕೋಲು ನಿನ್ನ ಅಳತೇದು ಕಣೆ. ನನ್ನ ಕೈಗೆ ಅದು ಹಲ್ಲುಜ್ಜೋ ಕಡ್ಡಿ. ಬಗ್ಗಿ ಬಗ್ಗಿ ಸೊಂಟ ಇಡ್ಕೊಂಡ್ಬುಡ್ತು. ಚನ್ನಪಟ್ಟಣದ ಅಸ್ಗರಣ್ಣನ ಅಂಗಡೀಲಿ ಉದ್ದಕ್ಕೆ ಒಂದು ಕಡೆಸ್ದೆ. ನಿನ್ನೆ ತಂದೆ.

ಭಾನು: ಬೊಂಬೆ ಮಾಡೋರ ಹತ್ರ? ಸರಿ. ಬಣ್ಣ ಯಾಕೆ ಬಳಿಸಿದ್ರಿ?

ಮನೋಹರ: ಅವ್ರೇ ಬಳ್ದುಬುಟ್ರು.

ಭಾನು: ಬಿಸಿಗೆ ಅರಗಿನ ಬಣ್ಣ ಕರಗ್ತದೆ ಅಂತ ಮೂವತ್ವರ್ಷ ಅದೇ ಕೆಲ್ಸ ಮಾಡಿರೋ ಅಸ್ಗರಣ್ಣಂಗೆ ಗೊತ್ತಿಲ್ವಾ? ಮುದ್ದೆ ಕೋಲಿಗೆ ಯಾರಾದ್ರೂ ಬಣ್ಣ ಬಳೀತಾರಾ?

ಮನೋಹರ: ಮುದ್ದೆ ಕೋಲು ಅಂತ ನಾನೆಲ್ಲಿ ಯೋಳ್ದೆ?

ಭಾನು: ಮತ್ತೇನು ಯೋಳಿದ್ರಿ?

ಮನೋಹರ: (ತಟ್ಟೆಯ ಕಡೆ ತಿರುಗಿ) ತೊಟ್ಲು ಕಂಬ.

ಭಾನುಗೆ ಸಿಟ್ಟು ಮೊದಲು ಬಂತೋ ನಗು ಮೊದಲು ಬಂತೋ ಗೊತ್ತಾಗಲಿಲ್ಲ. ಎರಡೂ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು.

ಮನೋಹರ: ಅಂಗಡೀಲಿ ನಾಕು ಜನ ಕುಂತಿದ್ರು ಕಣೆ. 'ಇಷ್ಟುದ್ದ ಯಾತಕ್ಕಪ್ಪ' ಅಂದ್ರು. ಬಾಯಿಗೆ ಅದೇ ಬಂತು.

ಭಾನು: ಅಂದ್ರೆ ನಾಕು ಜನದ ಮುಂದೆ 'ನಾನು ಮುದ್ದೆ ತೊಳ್ಸ್ತೀನಿ' ಅನ್ನೋಕೆ ನಿಮಗೆ ನಾಚ್ಕೆ. ಅದೇ ನಾಕು ಜನದ ಮುಂದೆ ನನ್ನ ಬಸುರಿ ಮಾಡೋಕೆ ನಾಚ್ಕೆ ಇಲ್ಲ.

ಮನೋಹರ: ನಮ್ಮಪ್ಪನ ಬಾಯಿ ನಿಂಗೊತ್ತಿಲ್ಲ. ಕಾಳಯ್ಯನ ಮಗ ಹೆಂಡ್ತಿಗೆ ಹುಷಾರಿಲ್ಲ ಅಂತ ಒಂದಿನ ಒಗ್ಗರಣೆ ಆಕ್ದ. ಅಪ್ಪ ಅರಳಿಕಟ್ಟೆ ಮ್ಯಾಲೆ ಕುಂತು ಒಂದು ವರ್ಸ ಆಡ್ಕೊಂಡ್ರು. ಆ ಒಗ್ಗರಣೆ ಇನ್ನೂ ಊರಲ್ಲಿ ಚಟಚಟ ಅಂತೈತೆ.

ಭಾನು: ಸುಳ್ಳಿಗೂ ಒಂದು ಅಳತೆ ಇರ್ಬೇಕು. ನಾಳೆ ಅದು ಊರಿಗೆ ಮುಟ್ಟಿದ್ರೆ?

ಮನೋಹರ: ಚನ್ನಪಟ್ಟಣದ ಮಾತು ಬೈರಾಪಟ್ಟಣಕ್ಕೆ ಎಂಗೆ ಮುಟ್ತದೆ?

ಬಾಗಿಲು ಬಡಿದ ಸದ್ದಾಯಿತು.

ಮನೋಹರ ಕೋಲನ್ನು ಗ್ಯಾಸ್ ಸಿಲಿಂಡರಿನ ಹಿಂದಕ್ಕೆ ತಳ್ಳಿದ. ಭಾನು ಚಿಲಕ ತೆಗೆದಳು. ಹೊಸ್ತಿಲಲ್ಲಿ ಅತ್ತೆ ಸಿದ್ದಮ್ಮ, ಅವರ ಹಿಂದೆ ಮಾವ ಬೋರಲಿಂಗಯ್ಯ. ಸಿದ್ದಮ್ಮನ ಕೈಚೀಲದಲ್ಲಿ ಮಾವಿನಕಾಯಿ, ಹುಣಸೆಕಾಯಿ. ಅವುಗಳ ನಡುವೆ ಚನ್ನಪಟ್ಟಣದ ಒಂದು ಪುಟ್ಟ ಗಿಲಕಿ.

ಸಿದ್ದಮ್ಮ: ನಿಂತ್ಕಬ್ಯಾಡ ಕಣವ್ವಾ, ಕುಂತ್ಕೊ. ಅಲ್ಲಾ, ಇಂಥ ಸುದ್ದೀನ ನಾವು ಅಸ್ಗರಣ್ಣನ ಬಾಯಲ್ಲಿ ಕೇಳ್ಬೇಕಾ?

ಬೋರಲಿಂಗಯ್ಯ: ನಿನ್ನೆ ಸಂಜೆ ಅವ್ನ ಅಂಗಡಿಗೆ ಓಗಿದ್ದೆ. 'ಬೋರಲಿಂಗಣ್ಣ, ತಾತ ಆಯ್ತಿದ್ದೀಯ, ಟೀ ಕುಡ್ಸು' ಅಂದ. ಅಂಗಡೀಲಿದ್ದೋರ್ಗೆಲ್ಲ ಕುಡ್ಸುದೆ. ರೋಡಲ್ಲಿ ಓಗ್ತಿದ್ದೋರ್ನೂ ಕರ್ದು ಕುಡ್ಸುದೆ.

ಭಾನು ಗಂಡನ ಕಡೆ ನೋಡಿದಳು. ಗಂಡ ಫ್ಯಾನಿನ ಕಡೆ ನೋಡಿದ. ಫ್ಯಾನು ಯಾರ ಕಡೆಗೂ ನೋಡದೆ ತಿರುಗುತ್ತಿತ್ತು.

ಸಿದ್ದಮ್ಮ: ನಾಳೆಯಿಂದ ಬರಾಕಿಲ್ಲ ಅಂತ ಫ್ಯಾಕ್ಟರಿಗೆ ಫೋನ್ ಮಾಡ್ಬುಡವ್ವ. ಆ ಮಿಷಿನ್ ಮುಂದೆ ದಿನವೆಲ್ಲ ಕುಂತ್ರೆ ಮಗೀಗೆ ಆಗಾಕಿಲ್ಲ. ಸಂಜೆ ರೈಲಿಗೆ ಊರಿಗೋಗಾನ.

ಬೋರಲಿಂಗಯ್ಯ: ಇವ್ನೂ ಬರ್ಲಿ. ಅಲ್ಲಿಂದ್ಲೇ ಕೆಲ್ಸಕ್ಕೆ ಓಗ್ಲಿ. ಇಲ್ಲಿ ಇವ್ನಿಗೆ ಉಣ್ಣಕ್ಕಿಕ್ಕೋರು ಯಾರು?

ಮುಂದಿನ ತಿಂಗಳಿಂದ ಭಾನುವನ್ನು ಲೈನ್ ಸೂಪರ್‌ವೈಸರ್ ಮಾಡುತ್ತೇವೆ ಎಂದು ಶುಕ್ರವಾರವಷ್ಟೇ ಹೇಳಿದ್ದರು. ನಲವತ್ತು ಮಿಷಿನ್ನುಗಳ ಸಾಲು ಅವಳ ಕೈಗೆ ಬರುವುದರಲ್ಲಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಆ ಕೆಲಸ ಹೋಗುತ್ತದೆ. ಬಾಯಿ ಬಿಟ್ಟರೆ ಗಂಡ ಅರಳಿಕಟ್ಟೆಯ ಪಾಲಾಗುತ್ತಾನೆ. ಸುಳ್ಳು ಹೇಳಿದವನು ಅವನು, ಗಂಟುಮೂಟೆ ಕಟ್ಟಬೇಕಾದವಳು ಇವಳು. ಲೋಕದ ಸುಳ್ಳುಗಳೆಲ್ಲ ಹೀಗೇ, ಆಡುವವರು ಒಬ್ಬರು, ಹೊರುವವರು ಇನ್ನೊಬ್ಬರು.

ಭಾನು: ನನ್ನ ಯಾಕೆ ಕೇಳ್ತೀರಿ ಅತ್ತೆ? ನಿಮ್ಮ ಮಗನ್ನೇ ಕೇಳಿ.

ಸಿದ್ದಮ್ಮ: ಅವ್ನೇನು ಯೋಳ್ತಾನೆ? ಆ ಕಂಬ ಎಲ್ಲಿಟ್ಟಿದ್ದೀರಿ, ಒಸಿ ನೋಡಾನ.

ಬೋರಲಿಂಗಯ್ಯ ಆಗಲೇ ಅಡುಗೆಮನೆಗೆ ಇಣುಕಿ ಸಿಲಿಂಡರಿನ ಹಿಂದಿಂದ ಕೋಲೆಳೆದುಕೊಂಡು ಬಂದಿದ್ದರು.

ಬೋರಲಿಂಗಯ್ಯ: ಒಂದೇ ಐತಲ್ಲ? ಒಂದೇ ಕಂಬದ ತೊಟ್ಲೇನ್ಲಾ?

ಮನೋಹರ: ಮಿಕ್ಕಿದ್ದು ಬತ್ತವೆ ಅಪ್ಪ.

ಬೋರಲಿಂಗಯ್ಯ: ಬಣ್ಣ ಅರ್ಧಕ್ಕೇ ನಿಂತೈತೆ?

ಮನೋಹರ: ಈಗಿನ ಡಿಸೈನು ಅದು.

ಬೋರಲಿಂಗಯ್ಯ: ತುದೀಲಿ ಅದೇನ್ಲಾ ಮೆತ್ಕೊಂಡಿರೋದು?

ಮನೋಹರ: ಅಂಟು.

ಬೋರಲಿಂಗಯ್ಯ ಉಗುರಲ್ಲಿ ಕೆರೆದು ನಾಲಗೆಗೆ ಹಚ್ಚಿಕೊಂಡರು.

ಬೋರಲಿಂಗಯ್ಯ: ಅಂಟಿಗೆ ಉಪ್ಪು ಕಮ್ಮಿ ಆಗೈತೆ.

ಆಮೇಲೆ ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ಸಿದ್ದಮ್ಮ ಮಾತ್ರ ಬಟ್ಟೆ ಜೋಡಿಸು, ಬೇಗ ಜೋಡಿಸು ಎನ್ನುತ್ತಲೇ ಇದ್ದರು. ಭಾನು ಎದ್ದು ಬ್ಯಾಗು ತೆಗೆದಳು. ಎರಡು ಸೀರೆ ಮಡಚಿಟ್ಟಳು. ಮೊಳೆಗೆ ನೇತುಹಾಕಿದ್ದ ಫ್ಯಾಕ್ಟರಿಯ ಐಡಿ ಕಾರ್ಡು ತೆಗೆದು, ಅದನ್ನು ಬ್ಯಾಗಿಗೆ ಹಾಕುವುದೋ ಅಲ್ಲೇ ಬಿಡುವುದೋ ಗೊತ್ತಾಗದೆ ಕೈಯಲ್ಲಿ ಹಿಡಿದು ನಿಂತಳು.

ಮನೋಹರನಿಗೆ ಅಷ್ಟು ಸಾಕಾಯಿತು.

ಮನೋಹರ: ಅದನ್ನ ಮೊಳೇಗೆ ತಗುಲಾಕು ಭಾನು. ಅಪ್ಪಾ, ಅದು ತೊಟ್ಲು ಕಂಬ ಅಲ್ಲ. ಮುದ್ದೆ ಕೋಲು. ಇವ್ಳದ್ದಲ್ಲ, ನಂದು. ಐದು ತಿಂಗ್ಳಿಂದ ನಾನೇ ತೊಳ್ಸ್ತಿರೋದು. ಇವ್ಳು ಬಸುರಿನೂ ಅಲ್ಲ. ಕಟ್ಟೆ ಮ್ಯಾಲೆ ಯೋಳ್ಕೊತೀಯೋ ಯೋಳ್ಕೊ.

ಬೋರಲಿಂಗಯ್ಯ ಕೋಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ನೇಗಿಲು ನೋಡುವ ಹಾಗೆ ತುದಿಯಿಂದ ತುದಿಗೆ ನೋಡಿದರು.

ಬೋರಲಿಂಗಯ್ಯ: ಕೋಲೇನ್ಲಾ ಇದು? ತುದಿ ಗುಂಡಗೈತೆ. ಒಸಿ ಚಪ್ಪಟೆ ಇರ್ಬೇಕು, ಇಲ್ದಿದ್ರೆ ಗಂಟು ಒಡ್ಯಾಕಿಲ್ಲ. ತೊಳ್ಸೋವಾಗ ಮಣಿಕಟ್ಟು ತಿರುವ್ಬಾರ್ದು, ಬಲ ಭುಜದಿಂದ ಬರ್ಬೇಕು. ಮಣಿಕಟ್ಟಲ್ಲಿ ತೊಳ್ಸುದ್ರೆ ಸೊಂಟ ಇಡ್ಕೊತೈತೆ.

ಮನೋಹರ: ಅಪ್ಪಾ... ನಿಂಗೆಂಗೆ ಗೊತ್ತು?

ಬೋರಲಿಂಗಯ್ಯ ಬಾಯಿ ಮುಚ್ಚಿದರು. ತಡವಾಗಿತ್ತು. ಸಿದ್ದಮ್ಮ ಸೆರಗಲ್ಲಿ ಬಾಯಿ ಒತ್ತಿಕೊಂಡು ಕುಲುಕುಲು ನಗುತ್ತಿದ್ದರು.

ಸಿದ್ದಮ್ಮ: ಇನ್ನೇನು ಮುಚ್ಚಿಡೋದು? ಕೇಳವ್ವ ನಿಮ್ಮಾವನ ಕತೆಯ. ಮನೇಲಿ ರೇಷ್ಮೆ ಹುಳ ಮೇಯಿಸ್ತಿದ್ವಲ್ಲ. ಹಣ್ಣಾಗಿ ಗೂಡು ಕಟ್ಟೋಕೆ ಮುಂಚೆ ಒಂದು ವಾರ ಹುಳ ಸೊಪ್ಪು ಮುಕ್ಕೋದಕ್ಕೆ ಮಿತಿ ಇಲ್ಲ. ತಟ್ಟೆ ತಟ್ಟೆಗೂ ಸೊಪ್ಪಾಕೋಕೆ ನನ್ನೆರಡು ಕಯ್ಯಿ ಸಾಲ್ತಿರ್ಲಿಲ್ಲ. ಆ ವಾರವೆಲ್ಲ ಮುದ್ದೆ ತೊಳ್ಸ್ತಿದ್ದೋರು ಯಾರು ಅಂದ್ಕಂಡೆ?

ಮನೋಹರ: ನಮ್ಮನ್ನೆಲ್ಲ ಆಚೆ ಆಟಕ್ಕೆ ಅಟ್ಟಿ ಬಾಗ್ಲಾಕ್ಕೊಂತಿದ್ರಿ. ಯಾಕೆ ಅಂದ್ರೆ ಹುಳಕ್ಕೆ ದೃಷ್ಟಿ ಆಯ್ತದೆ ಅಂತಿದ್ರಿ!

ಸಿದ್ದಮ್ಮ: ಹುಳಕ್ಕಲ್ಲ ಮಗ. ನಿಮ್ಮಪ್ಪಂಗೆ.

ಭಾನು ಐಡಿ ಕಾರ್ಡನ್ನು ಮೊಳೆಗೆ ತಗುಲಿಹಾಕಿದಳು. ನಗು ತಡೆಯಲಾಗದೆ ಗೋಡೆ ಕಡೆ ತಿರುಗಿಕೊಂಡಳು.

ಬೋರಲಿಂಗಯ್ಯ: ಅದು ಬ್ಯಾರೆ. ಅದು ಹುಳಕ್ಕೋಸ್ಕರ.

ಸಿದ್ದಮ್ಮ: ಔದು. ಕಾಳಯ್ಯನ ಮಗ ಹೆಂಡ್ತಿಗೋಸ್ಕರ ಮಾಡ್ದ, ಅದಕ್ಕೆ ತಪ್ಪು. ನೋಡು, ಇನ್ನೊಂದ್ಸಲ ಸೊಸೆ ಕೆಲ್ಸದ ತಂಟೆಗೆ ಬಂದೆ ಅಂದ್ರೆ, ಅರಳಿಕಟ್ಟೆ ಮ್ಯಾಲೆ ನಾನೋಗಿ ಕುಂತ್ಕೊತೀನಿ.

ಭಾನು: ಅತ್ತೆ, ಫೋನ್ ಮಾಡು ಅಂದೋರು ನೀವು.

ಸಿದ್ದಮ್ಮ: ಅದು ಬಸುರಿಗೆ ಯೋಳಿದ್ದು ಕಣವ್ವಾ, ನಿಂಗಲ್ಲ. ಈ ಗಿಲಕಿ ಇಟ್ಕೊ. ಮರದ್ದು, ಕೆಡಾಕಿಲ್ಲ.

ಬೋರಲಿಂಗಯ್ಯ: ಹೊಟ್ಟೆ ಕೆಡ್ತೈತೆ. ಈ ಕುಂಕುಮದ ಮುದ್ದೆ ಯಾರುಣ್ತಾರೆ? ಎಸರಿಡು ಕಣ್ಲಾ. ಅವ್ವಾ ಭಾನು, ಆ ಹಳೇ ಕೋಲು ಕೊಡು.

ಅವರು ಅಂಗಿ ತೋಳು ಮೇಲೆ ಮಡಚಿಕೊಂಡು ಎದ್ದರು. ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಕೈ ತನ್ನ ಪಾಡಿಗೆ ತಾನು ಚಾಚಿ ಮುಂಬಾಗಿಲನ್ನು ಮುಚ್ಚಿತು.

ಭಾನು: ಬಾಗ್ಲು ಯಾಕೆ ಮಾವ? ಇಲ್ಲಿ ಹುಳ ಇಲ್ವಲ್ಲ.

ಮನೋಹರ: ಸೊಳ್ಳೆ ಬತ್ತವೆ ಕಣೆ!

ಸಿದ್ದಮ್ಮ: ಅಪ್ಪಂಗೆ ದೃಷ್ಟಿ, ಮಗಂಗೆ ಸೊಳ್ಳೆ.

ಭಾನು ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಅದು ಮತ್ತೆ ಮುಚ್ಚಿಕೊಳ್ಳದ ಹಾಗೆ ಆ ಕೆಂಪು ಕೋಲನ್ನೇ ಸಂದಿಗೆ ಒತ್ತಿ ನಿಲ್ಲಿಸಿದಳು. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು.

ಬಟ್ಟೆ ಒಣಹಾಕಲು ತಾರಸಿಗೆ ಹೊರಟಿದ್ದ ದೊಡ್ಡಲಕ್ಷ್ಮಮ್ಮ ಬಾಗಿಲ ಮುಂದೆ ನಿಂತುಬಿಟ್ಟರು. ಒಲೆಯ ಮುಂದೆ ಬೆವರಿಳಿಸುತ್ತ ಅಪ್ಪ ತೊಳಸುತ್ತಿದ್ದರು, ಮಗ ಪಾತ್ರೆ ಅಲ್ಲಾಡದಂತೆ ಹಿಡಿದಿದ್ದ. ಆಕೆ ಒಂದು ನಿಮಿಷ ನೋಡಿದರು. ಆಮೇಲೆ ಬಕೆಟ್ಟನ್ನು ಅಲ್ಲೇ ಇಟ್ಟು, ಮೆಟ್ಟಿಲ ತುದಿಗೆ ಬಂದು ಕೆಳಕ್ಕೆ ಬಗ್ಗಿ ಗಂಡನನ್ನು ಕೂಗಿದರು: "ರೀ, ಟೀವಿ ಆರ್ಸಿ ಒಸಿ ಮ್ಯಾಕ್ಕೆ ಬನ್ನಿ, ನಿಮಗೊಂದು ತೋರಿಸ್ಬೇಕು!"

ಇದನ್ನು ಓದುತ್ತ ಮುಸಿಮುಸಿ ನಗುತ್ತಿರುವ ಯಜಮಾನರೇ, ನೀವು ಇವತ್ತಿನವರೆಗೂ ಕೋಲು ಮುಟ್ಟದವರಾದರೆ ಪುಸ್ತಕ ಮಡಚಿ ಎದ್ದು ಎಸರಿಡಿ. ಗುಟ್ಟಾಗಿ ಮುಟ್ಟುವವರಾದರೆ ನಿಮ್ಮ ಹುಳದ ಕತೆ, ಸೊಳ್ಳೆಯ ಕತೆ ಯಾರಿಗೂ ಬೇಡ. ಮೊದಲು ಆ ಬಾಗಿಲು ತೆಗೀರಿ.