ಹಾಂಗ್‌ಕಾಂಗಿನ ಸಿರಿವಂತರಿಗೆ ಬೇಕಾದ ಐಷಾರಾಮ

ಪರದೇಶದ ಅತಿಥಿಗಳು ಕಾಲಿಟ್ಟಲ್ಲಿ ಇಂಥ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ಇವುಗಳಲ್ಲಿ ಮೊದಲೆರಡನ್ನು ನನಗೆ ಹೇಳಿದವನು ನನ್ನ ಷಡ್ಡಕ ಶಿವಣ್ಣ. ಡಾಟ್‌ಕಾಂ ಕಂಪನಿ ಮುಳುಗಿ ಕೆಲಸ ಹೋದಮೇಲೆ, ಚರ್ಮದ ಸೀಟಿನ ವ್ಯಾನು ಕೊಂಡು ಸಿರಿವಂತರಿಗೆ ಅಮೆರಿಕದ ಬೇ ಏರಿಯಾ ತೋರಿಸಲು ಹೊರಟವನು. ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಹಾಂಗ್‌ಕಾಂಗಿನ ಏಜೆಂಟು ಕಳಿಸಿದ ಮೊದಲ ಸಂಸಾರದಲ್ಲಿ ಮೂವರು: ವ್ಯಾಪಾರಿ, ಅವನ ಮಗಳು, ಮುದಿ ತಾಯಿ. ಅವರು ಮೆಚ್ಚಿದರೆ ಬೇಸಿಗೆಯ ಗಿರಾಕಿಗಳೆಲ್ಲ ಶಿವಣ್ಣನಿಗೆ. ಮುನಿದರೆ ವ್ಯಾನು ಮಾರಾಟಕ್ಕೆ.

೧. ಕೋಣೆ

ಶಿವಣ್ಣ ಹೋಟೆಲಿನ ನಾಲ್ಕನೇ ಮಹಡಿಯಲ್ಲಿ ಸಮುದ್ರ ಕಾಣುವ ಕೋಣೆ ಹಿಡಿದಿದ್ದ. ಲಿಫ್ಟಿನಿಂದಿಳಿದ ಅಜ್ಜಿ ಹಾಗೇ ಹಿಂದೆ ಸರಿದರು. ಅವರಲ್ಲಿ ನಾಲ್ಕು ಸಾವಿನ ಸಂಖ್ಯೆಯಂತೆ, ಎಂಟು ಶುಭವಂತೆ. ಎಂಟನೇ ಮಹಡಿಯಲ್ಲಿ ಉಳಿದದ್ದು ಹಿಂಬದಿಯ ಕೋಣೆ. ಬಗ್ಗಿ ನೋಡಿದರೆ ಕಸದ ತೊಟ್ಟಿಗಳು. ಅಜ್ಜಿ ಹಿಗ್ಗಿಹೋದರು.

"ಅಷ್ಟಮಿ ಅಂದ್ರೆ ಪಕ್ಕದೂರು ವಾಲ್ನಟ್ ಕ್ರೀಕಿಗೂ ಹೋಗದೋನು ನಾನು, ಅಣ್ಣ. ಅವತ್ತು ಎಂಟಕ್ಕೆ ಕೈಮುಗಿದುಬಿಟ್ಟೆ!" ಅಂದ ಶಿವಣ್ಣ.

೨. ಬೋರ್ಡು

ದ್ರಾಕ್ಷಿತೋಟಕ್ಕೆ ಹೋಗೋಣವೆಂದರೆ ವ್ಯಾಪಾರಿ, "ಅದನ್ನು ನಮ್ಮ ನೆರೆಯವನೂ ನೋಡಿದ್ದಾನೆ. ಅವನು ನೋಡದ್ದು ತೋರಿಸಿ" ಎಂದ. ಶಿವಣ್ಣ ಚಡಪಡಿಸಿ, ಎಮರಿವಿಲ್ಲಿನ ಒಂದು ಇಂಟರ್ನೆಟ್ ಕಂಪನಿಯ ಬೋರ್ಡಿನ ಮುಂದೆ ಅವನನ್ನು ನಿಲ್ಲಿಸಿ ಕ್ಯಾಮರಾ ಎತ್ತಿದ. ಅಷ್ಟರಲ್ಲಿ ಏಣಿ ಹೊತ್ತ ಇಬ್ಬರು ಬಂದು, "ಸ್ವಲ್ಪ ಪಕ್ಕಕ್ಕೆ ಬನ್ನಿ. ಕಂಪನಿ ಮುಚ್ಚಿತು, ಬೋರ್ಡು ಇಳಿಸಬೇಕು" ಎಂದರು.

ಶಿವಣ್ಣನ ಮುಖ ಬತ್ತಿತು. ವ್ಯಾಪಾರಿಯದು ಅರಳಿತು: "ಕೊಡ್ತಾರಾ ಕೇಳಿ! ಇಂಥದು ಅವನ ಮನೇಲಿಲ್ಲ!"

೩. ಆರತಿ

ಇದಕ್ಕೆ ನಾನೇ ಸಾಕ್ಷಿ. "ನಿಮ್ಮವರ ಮನೆ ನೋಡಬೇಕು" ಎಂದರೆಂದು ಶಿವಣ್ಣ ಅವರನ್ನು ಬೇ ಏರಿಯಾದ ಡಬ್ಲಿನ್ನಿನ ನಮ್ಮ ಅಪಾರ್ಟ್‌ಮೆಂಟಿಗೇ ಕರೆತಂದ. ನನ್ನ ಹೆಂಡತಿ ಬಿಳಿ ಸೇವಂತಿಗೆಯ ಹಾರ ಕಟ್ಟಿ, ಬಾಗಿಲಲ್ಲೇ ಅಜ್ಜಿಯ ಕೊರಳಿಗೆ ಹಾಕಿದಳು. ಅಜ್ಜಿ ಮರಗಟ್ಟಿ ನಿಂತರು.

ಮೊಮ್ಮಗಳು ಮೆಲ್ಲಗೆ, "ಆಂಟಿ, ನಮ್ಮಲ್ಲಿ ಇದು ಸತ್ತವರಿಗೆ" ಎಂದಳು.

"ಹೋಯ್ತು, ಅಣ್ಣ, ವ್ಯಾನು ಹೋಯ್ತು!" ಶಿವಣ್ಣ ನನ್ನ ತೋಳು ಹಿಂಡಿದ.

"ಬಾಯ್ಮುಚ್ಚು. ದೃಷ್ಟಿ ತೆಗೆದರೆ ಸರಿಹೋಗತ್ತೆ" ಎಂದು ನನ್ನವಳು ಹಾರ ತೆಗೆದಳು. ನಲ್ಲಿಯ ಬೆಚ್ಚನೆಯ ನೀರಿಗೆ ಅರಿಶಿನ, ಸುಣ್ಣ ಕದಡಿ ಬಟ್ಟಲಲ್ಲಿ ಕೆಂಪು ಆರತಿ ತಂದಳು. ನಿವಾಳಿಸಿ, ಹೊರಗೆ ಚೆಲ್ಲಲು ತಿರುಗಬೇಕು, ಅಷ್ಟರಲ್ಲಿ ಅಜ್ಜಿ ಎರಡೂ ಕೈಯಲ್ಲಿ ಬಟ್ಟಲು ಇಸಿದುಕೊಂಡು ಗಟಗಟ ಕುಡಿದುಬಿಟ್ಟರು! ತೆಗೆದ ದೃಷ್ಟಿಯೆಲ್ಲ ಒಳಗೇ ಹೋಯಿತು.

"ಶಿವ ಶಿವಾ!" ಎಂದೆ.

ಅಜ್ಜಿ ಬಾಯೊರಸಿಕೊಂಡು ಏನೋ ಹೇಳಿದರು. ಮೊಮ್ಮಗಳು ನಗುತ್ತ, "ಅಮೆರಿಕಕ್ಕೆ ಬಂದಮೇಲೆ ಕುಡಿಯಲು ಐಸು ಹಾಕದೆ, ಬೆಚ್ಚಗೆ ಕೊಟ್ಟವರು ನೀವೇ ಮೊದಲಂತೆ. ಏಜೆಂಟಿಗೆ ಇವತ್ತೇ ಫೋನು ಮಾಡಿ, ಬೇಸಿಗೆಯವರನ್ನೆಲ್ಲ ಇಲ್ಲಿಗೇ ಕಳಿಸಿ ಅಂತಾರಂತೆ. ಬಂದವರಿಗೆಲ್ಲ ತಪ್ಪದೆ ಇದನ್ನೇ ಕುಡಿಸಬೇಕಂತೆ!" ಎಂದಳು.

ನಿಮ್ಮಲ್ಲಿ ಯಾರಾದರೂ ಅತಿಥಿಗಳನ್ನು ಕರೆಯುವವರಿದ್ದರೆ ಈ ಕಥೆ ಅವರಿಗೂ ಮುಟ್ಟಿಸಿ. ಆರತಿಯ ನೀರನ್ನು ಬೇಗ ಚೆಲ್ಲಲು ಹೇಳಿ.